ಮಿಲ್ಲಿನ ಅದುರು, ಟಯರ್ ತುಂಡು, ಆಯಸ್ಕಾಂತದ ರಬ್ಬರ್

ಪ್ರಶ್ನೆ: ಸರ್, ಉಡುಪಿಯಲ್ಲಿ ನಮ್ದೊಂದು ಸಣ್ಣ ಹಿಟ್ಟಿನ ಮಿಲ್ಲು ಉಂಟು. ಮೋಟಾರಿನ ಅಡಿಗೆ ಹಳೆ ಟಯರ್ ಕತ್ತರಿಸಿ ಇಟ್ಟು ಬೋಲ್ಟ್ ಟೈಟ್ ಮಾಡಿದ್ದೇವೆ, ಆದ್ರೂ ಮಹಡಿ ಮೇಲಿನವರು ಪಾತ್ರೆ ಅದುರ್ತದೆ ಅಂತ ದಿನಾ ಹೇಳ್ತಾರೆ. ಕರೆಂಟ್ ಕೊಟ್ರೆ ಗಟ್ಟಿಯಾಗುವ ಆಯಸ್ಕಾಂತದ ರಬ್ಬರ್ ಉಂಟಂತೆ, ಇಂಜಿನಿಯರಿಂಗ್ ಓದುವ ಅಕ್ಕನ ಮಗ ಹೇಳಿದ. ಅದನ್ನ ಹಾಕ್ಬಹುದಾ?

ಉತ್ತರ: ಮೊದಲು ಟಯರ್ ತುಂಡಿನ ವಿಷಯ ಮಾತಾಡುವ, ತೊಂದರೆ ಅಲ್ಲೇ ಇರುವ ಹಾಗೆ ಕಾಣ್ತದೆ. ರಬ್ಬರ್ ಕೆಲಸ ಮಾಡೋದು ಅದು ಭಾರಕ್ಕೆ ತಗ್ಗಿದ್ರೆ ಮಾತ್ರ. ನಿಮ್ಮ ಮೋಟಾರ್ ನಿಮಿಷಕ್ಕೆ 1440 ಸುತ್ತಿನದ್ದಾದ್ರೆ ಸೆಕೆಂಡಿಗೆ 24 ಸಲ ಅದುರ್ತದೆ, ಪ್ಯಾಡ್ ಭಾರಕ್ಕೆ ಬರೀ ಅರ್ಧ ಮಿಲಿಮೀಟರ್ ತಗ್ಗಿದ್ರೆ ಅದರ ಸ್ವಂತ ಕುಣಿತವೂ, ಅಂದ್ರೆ ಒಮ್ಮೆ ತಟ್ಟಿ ಬಿಟ್ರೆ ಮೇಲಿನ ಭಾರ ತಾನಾಗಿ ಅಲುಗುವ ವೇಗ, ಸೆಕೆಂಡಿಗೆ 22ರ ಹತ್ರ ಬರ್ತದೆ, ಎರಡರ ತಾಳ ಒಂದಾದ್ರೆ ಅದುರು ಇನ್ನೂ ಜಾಸ್ತಿಯೇ ಆಗ್ತದೆ. ಅದೇ 5 ಮಿಲಿಮೀಟರ್ ತಗ್ಗುವ ಮೆತ್ತನೆ ಪ್ಯಾಡ್ ಆದ್ರೆ ಕುಣಿತ 7ಕ್ಕೆ ಇಳಿದು, ಲೆಕ್ಕದ ಪ್ರಕಾರ ನೆಲಕ್ಕೆ ಹೋಗೋದು ಹತ್ತರಲ್ಲೊಂದು ಪಾಲು. ವೇಗವಾಗಿ ಅಲುಗುವಾಗ ರಬ್ಬರ್ ಸ್ವಲ್ಪ ಬಿಗಿಯಾಗ್ತದೆ, ಹಾಗಾಗಿ ಅಷ್ಟು ಪೂರ್ತಿ ಸಿಗ್ಲಿಕ್ಕಿಲ್ಲ.

ಟಯರಿನೊಳಗೆ ನೈಲಾನ್ ದಾರವೋ ಸ್ಟೀಲ್ ತಂತಿಯೋ ಇರ್ತದೆ, ಅದಕ್ಕೇ ಅದು ತಗ್ಗೋದಿಲ್ಲ. ಇನ್ನೊಂದು, ರಬ್ಬರನ್ನ ಒತ್ತಿದ್ರೆ ಅದರ ಗಾತ್ರ ಕಡಿಮೆಯಾಗೋದಿಲ್ಲ, ಬದಿಗೆ ಉಬ್ತದೆ ಅಷ್ಟೇ, ಉಬ್ಬಲಿಕ್ಕೆ ಜಾಗ ಇಲ್ಲದ ಹಾಗೆ ಆಂಗಲ್ ಫ್ರೇಮಿನೊಳಗೆ ಕೂರಿಸಿದ್ರೆ ಅದು ಕಲ್ಲಿನ ಹಾಗೆ ನಿಲ್ತದೆ. ಮತ್ತೆ ಆ ಬೋಲ್ಟ್! ಕಬ್ಬಿಣದ ಬೋಲ್ಟ್ ಬಿಗಿದ್ರೆ ಅದುರು ರಬ್ಬರನ್ನ ಬಿಟ್ಟು ಬೋಲ್ಟಿನಲ್ಲೇ ಇಳಿದು ನೆಲ ಸೇರ್ತದೆ.

ಅಕ್ಕನ ಮಗ ಹೇಳಿದ್ದು ನಿಜ, ತುಂಬ ಚಂದದ ವಸ್ತು ಅದು. ರಬ್ಬರ್ ಬೇಯುವ ಮೊದಲೇ ಅದಕ್ಕೆ ಕೆಲವೇ ಮೈಕ್ರಾನ್ ಗಾತ್ರದ ಕಬ್ಬಿಣದ ಪುಡಿ ಸೇರಿಸ್ತಾರೆ, ಹತ್ತಿರದ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಅದು ಆಯಸ್ಕಾಂತವಾಗಿ ಆ ಕಣಗಳು ಒಂದನ್ನೊಂದು ಎಳೆದುಕೊಂಡು ರಬ್ಬರ್ ಬಿಗಿಯಾಗ್ತದೆ, ಕರೆಂಟ್ ತೆಗೆದ್ರೆ ಮತ್ತೆ ಮೆತ್ತಗೆ, ಎಲ್ಲ ಕಣ್ಣು ಮಿಟುಕಿಸುವ ಮೊದಲೇ. ಇದೇ ಗುಣದ ದ್ರವವನ್ನ ಅಮೆರಿಕದಲ್ಲಿ ಜೇಕಬ್ ರಾಬಿನೋ 1940ರ ದಶಕದಲ್ಲೇ ಮಾಡಿದ್ರು, ಕೆಲವು ದುಬಾರಿ ಕಾರುಗಳ ಶಾಕ್ ಅಬ್ಸಾರ್ಬರ್‌ನಲ್ಲಿ ಈಗ ಅದು ಉಂಟು. ದ್ರವದಲ್ಲಿ ಕಬ್ಬಿಣ ಅಡಿಗೆ ಕೂತುಬಿಡ್ತದೆ, ರಬ್ಬರ್‌ನಲ್ಲಿ ಆ ರಗಳೆ ಇಲ್ಲ. ನಮ್ಮ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯಲ್ಲೂ ಇದರ ಮೇಲೆ ಸಂಶೋಧನೆ ನಡೆದಿದೆ, ಹುಡುಗನಿಗೆ ಆಸಕ್ತಿ ಇದ್ರೆ ಖಂಡಿತ ವಿಚಾರಿಸ್ಲಿ.

ಆದ್ರೆ ಅದು ಬೇಕಾಗೋದು ಸ್ಪೀಡ್ ಆಗಾಗ ಬದಲಾಗುವ ಕಡೆ. ನಿಮ್ಮ ಮಿಲ್ಲು ದಿನವಿಡೀ ಒಂದೇ ಸ್ಪೀಡಲ್ಲಿ ಓಡ್ತದೆ, ಅದಕ್ಕೆ ಕಾಯಿಲ್, ಸೆನ್ಸರ್, ಕಂಟ್ರೋಲರ್ ಅಂತ ದುಡ್ಡು ಹಾಕೋದು ಬೇಡ. ಮೋಟಾರ್ ಮತ್ತು ಕಲ್ಲು ಎರಡನ್ನೂ ಒಂದೇ ಗಟ್ಟಿ ಫ್ರೇಮಿಗೆ ಕೂರಿಸಿ, ಇಲ್ಲದಿದ್ರೆ ಬೆಲ್ಟ್ ಎಳೆತ ತಪ್ಪುತ್ತದೆ, ಪ್ಯಾಡ್ ಆ ಫ್ರೇಮಿನ ಅಡಿಗೆ ಬರ್ಲಿ. ಪ್ಯಾಡ್ ತರುವ ಮೊದಲು ಕಲ್ಲು ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತದೆ ಅಂತ ನೋಡಿ, ಅದು 600ರ ಹತ್ರ ಇದ್ರೆ ಸೆಕೆಂಡಿಗೆ 10 ಆಯ್ತು, ಪ್ಯಾಡಿನ 7ರ ಕುಣಿತಕ್ಕೆ ಅದು ತುಂಬ ಹತ್ರ, ಆಗ 5 ಮಿಲಿಮೀಟರ್ ತಗ್ಗಿದ್ರೆ ಸಾಲೋದಿಲ್ಲ, ಇನ್ನೂ ಹೆಚ್ಚು ತಗ್ಗುವ ಸ್ಪ್ರಿಂಗೇ ಬೇಕು.