ಮಗನ ಮುಖ ಬಿಳುಚಿದ ಶುಕ್ರವಾರ

ಧರ್ಮದ ವಿಷಯದಲ್ಲಿ ಮನೆಯವರಿಗೆ ಬುದ್ಧಿ ಹೇಳಲು ಹೋಗಿ ಸಂಬಂಧ ಕೆಡಿಸಿಕೊಂಡವರು ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ. ನಾನು ಸಲಹೆ ಕೊಡುವ ಕೆಲಸ ಮಾಡುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಬರುವವರಲ್ಲಿ ಸಂಪ್ರದಾಯಸ್ಥ ಯೆಹೂದಿ ಕುಟುಂಬದವರೇ ಜಾಸ್ತಿ. ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ.

ತಂದೆಗೆ 58, ಮಗನಿಗೆ 23. ಮಗ ಬೇರೆ ಮನೆ ಮಾಡಿದ್ದ, ಸಬ್ಬತ್ ಪಾಲಿಸುವುದನ್ನು ಬಿಟ್ಟಿದ್ದ. ಸಬ್ಬತ್ ಎಂದರೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗಿನ ಯೆಹೂದಿಗಳ ವಿಶ್ರಾಂತಿ ದಿನ, ಸಂಪ್ರದಾಯಸ್ಥರು ಆಗ ಫೋನ್ ಬಳಸುವುದಿಲ್ಲ. ಆದರೂ ಶುಕ್ರವಾರ ರಾತ್ರಿಯ ಊಟಕ್ಕೆ ತಪ್ಪದೆ ಬರುತ್ತಿದ್ದ. ಒಂದು ಶುಕ್ರವಾರ ಅವನ ಜೇಬಿನಲ್ಲಿ ಫೋನ್ ಗುಂಯ್ ಎಂದಿತು. ತಂದೆ ನೆಂಟರೆದುರೇ ತರಾಟೆಗೆ ತೆಗೆದುಕೊಂಡರು. ಮಗ ಎದ್ದು ಹೋದವನು ಎರಡು ತಿಂಗಳಾದರೂ ಬರಲಿಲ್ಲ.

"ತಪ್ಪು ಮಾಡಿದವರಿಗೆ ಬುದ್ಧಿ ಹೇಳುವುದು ತೋರಾದ ಆಜ್ಞೆ. ನಾನು ಅದನ್ನು ಪಾಲಿಸಿದೆ" ಎಂದರು ತಂದೆ. ತೋರಾ ಎಂದರೆ ಯೆಹೂದಿಗಳ ಧರ್ಮಗ್ರಂಥ, ಆ ಆಜ್ಞೆಗೆ ಅವರಲ್ಲಿ ತೊಖಾಖಾ ಎನ್ನುತ್ತಾರೆ. ನಾನು ವಾದ ಮಾಡಲಿಲ್ಲ. ಮುಂದಿನ ಸಲ ಆ ಪುಸ್ತಕ ತನ್ನಿ, ಒಟ್ಟಿಗೆ ಓದೋಣ ಎಂದೆ.

ತಂದರು. ತೋರಾದ ಯಾಜಕಕಾಂಡ ಎಂಬ ಭಾಗದ 19:17ರ ಮೇಲೆ ಬೆರಳಿಟ್ಟು ನಿಧಾನವಾಗಿ ಅರ್ಥ ಹೇಳಿದರು. ಸೋದರನನ್ನು ಮನಸ್ಸಿನಲ್ಲಿ ದ್ವೇಷಿಸಬೇಡ. ನೆರೆಯವನಿಗೆ ಬುದ್ಧಿ ಹೇಳಲೇಬೇಕು. ಅವನ ದೆಸೆಯಿಂದ ಪಾಪ ಹೊತ್ತುಕೊಳ್ಳಬೇಡ.

"ಅವತ್ತು ನಿಮ್ಮ ಮಗ ಏನಂದ?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ಮುಖ ಬಿಳುಚಿಕೊಂಡಿತು, ಅಷ್ಟೇ."

ಹಾಗೆಂದವರೇ ಸುಮ್ಮನಾದರು. ಬೆರಳು ಆ ಸಾಲಿನ ಮೇಲೇ ಇತ್ತು, ಸಣ್ಣಗೆ ನಡುಗುತ್ತಿತ್ತು. ತುಂಬಾ ಹೊತ್ತಾದ ಮೇಲೆ ಅವರೇ ನನಗೆ ವಿವರಿಸಿದರು. ನಾಲ್ಕು ಜನರೆದುರು ಅವಮಾನ ಮಾಡುವುದಕ್ಕೆ ಹೀಬ್ರೂದಲ್ಲಿ 'ಮುಖ ಬಿಳಿ ಮಾಡುವುದು' ಎಂದೇ ಹೇಳುತ್ತಾರಂತೆ. ಅದು ರಕ್ತ ಸುರಿಸಿದ್ದಕ್ಕೆ ಸಮ ಎನ್ನುತ್ತದೆ ತಾಲ್ಮುದ್, ಅಂದರೆ ಯೆಹೂದಿ ಪಂಡಿತರ ಚರ್ಚೆಗಳ ಪ್ರಾಚೀನ ಗ್ರಂಥ. ಕೆಂಪು ಇಳಿದು ಬಿಳಿ ಬರುತ್ತದಲ್ಲ, ಅದಕ್ಕೆ. 'ಪಾಪ ಹೊತ್ತುಕೊಳ್ಳಬೇಡ' ಎಂಬುದಕ್ಕೂ ಪಂಡಿತರು ಹೇಳಿದ ಅರ್ಥ ಇದೇ: ಬುದ್ಧಿ ಹೇಳು, ಆದರೆ ಅವನ ಮುಖದ ಬಣ್ಣ ಹಾರಿಹೋಗುವ ಹಾಗೆ ಹೇಳಬೇಡ.

ಆಮೇಲೆ ತಲೆ ಎತ್ತದೆ ಅಂದರು: "ನೆಂಟರು ನನ್ನ ಬಗ್ಗೆ ಏನಂದುಕೊಳ್ಳುತ್ತಾರೋ ಅಂತ ಕೂಗಾಡಿದೆ. ಅವನ ಒಳ್ಳೇದಕ್ಕಲ್ಲ."

ನಾನು ಕೊಟ್ಟ ಸಲಹೆ ಇಷ್ಟು. ವಾರದ ನಡುವೆ ಮಗನಿಗೆ ಫೋನ್ ಮಾಡಿ, ಎಲ್ಲರೆದುರು ಬೈದದ್ದು ತಪ್ಪು ಅನ್ನಿ. ಅದರ ಹಿಂದೆ 'ಆದರೆ' ಸೇರಿಸಬೇಡಿ. ಅವತ್ತು ಇದ್ದ ನೆಂಟರಿಗೂ ಇದೇ ಮಾತು ಹೇಳಿ. ಅವನೇ ತೆಗೆಯುವ ತನಕ ಸಬ್ಬತ್ ವಿಷಯ ತೆಗೆಯಬೇಡಿ. ಒಮ್ಮೆ ನಿಮ್ಮ ಧರ್ಮಗುರು ರಬ್ಬಿಯನ್ನೂ ಕೇಳಿಕೊಳ್ಳಿ.

ಬೇರೆ ಧರ್ಮದ ನೀವು ಅವರು ಆಜ್ಞೆ ಪಾಲಿಸುವುದನ್ನೇ ಬಿಡಿಸಿದಿರಲ್ಲ ಎಂದು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪಿಸಿದರು. ನಾನು ಬಿಡಿಸಲಿಲ್ಲ. ಬುದ್ಧಿ ಹೇಳುವವನು, ತಪ್ಪು ಮಾಡಿದವನು ಒಬ್ಬನೇ ಇರುವಾಗ, ಮೆತ್ತಗಿನ ಮಾತಿನಲ್ಲಿ, ನಿನ್ನ ಒಳ್ಳೇದಕ್ಕೇ ಎಂದು ತಿಳಿಸಿ ಹೇಳಬೇಕು ಎಂದು 12ನೇ ಶತಮಾನದಲ್ಲೇ ಯೆಹೂದಿ ಪಂಡಿತ ಮೈಮೊನಿಡೀಸ್ ಬರೆದಿದ್ದಾನೆ. ಕೇಳಿಸಿಕೊಳ್ಳುವ ಮಾತನ್ನು ಹೇಳುವುದು ಹೇಗೆ ಕರ್ತವ್ಯವೋ, ಕೇಳಿಸಿಕೊಳ್ಳದ ಮಾತನ್ನು ಹೇಳದಿರುವುದೂ ಹಾಗೇ ಎಂಬುದು ತಾಲ್ಮುದ್‌ನದೇ ಮಾತು. ಆ ಹುಡುಗನಿಗೆ ಸಬ್ಬತ್ ನಿಯಮ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತಿತ್ತು.

ಎಲ್ಲದಕ್ಕೂ ಸುಮ್ನಿರಿ ಅಂತ ನಾನು ಹೇಳುವುದಿಲ್ಲ. ಹೆಂಡತಿಗೆ ಹೊಡೆಯುವವನ, ಮಗುವಿಗೆ ಕೇಡು ಮಾಡುವವನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಬಾರದು, ಪೊಲೀಸರಿಗೂ ಹೇಳಬೇಕು. ಅದೇ ಅಧ್ಯಾಯದ ಹಿಂದಿನ ವಚನ, 19:16, ನೆರೆಯವನ ರಕ್ತ ಹರಿಯುವಾಗ ಸುಮ್ಮನೆ ನಿಂತಿರಬೇಡ ಎನ್ನುತ್ತದೆ.

ಫೋನ್ ಮಾಡಿದ ಮೂರನೇ ವಾರ ಮಗ ಬಂದ. ಶುಕ್ರವಾರ ರಾತ್ರಿ ತಂದೆ ಮಕ್ಕಳ ತಲೆ ಮೇಲೆ ಕೈಯಿಟ್ಟು ಹರಸುವ ಪದ್ಧತಿ ಅವರಲ್ಲಿದೆ. ಕೊನೆಯಲ್ಲಿ ಅವನೂ ಬಂದು ತಲೆ ಬಗ್ಗಿಸಿದನಂತೆ. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಮತ್ತೆ ಗುಂಯ್ ಎಂದಿತು. "ನಾನು ಕೈ ತೆಗೆಯಲಿಲ್ಲ" ಎಂದರು ತಂದೆ. ಮಗ ಇನ್ನೂ ಸಬ್ಬತ್ ಪಾಲಿಸುವುದಿಲ್ಲ. ಅವರಿಗೆ ಆ ನೋವು ಹೋಗಿಲ್ಲ, ಅದನ್ನು ಹೇಳಿಕೊಳ್ಳಲು ನನ್ನ ಬಳಿ ಬರುತ್ತಾರೆ.