ಸರ್ವರ್ ಕೂರಿಸಿ ಹೋದರು, ಮುಂದೇನು?

ಪ್ರಶ್ನೆ: ನಮ್ಮದು ಸಣ್ಣ ಸಹಕಾರ ಸಂಘ. ಸದಸ್ಯರ ಖಾತೆ, ಗೊಬ್ಬರದ ಬಿಲ್ಲು ಎಲ್ಲ ಉಬುಂಟು 22.04 ಸರ್ವರ್‌ನಲ್ಲಿದೆ. ಕೂರಿಸಿಕೊಟ್ಟವರು ಈಗ ಫೋನಿಗೆ ಸಿಗುವುದಿಲ್ಲ. ಲಾಗ್ ನೋಡಿದರೆ ‘ರೂಟ್’ (ಸರ್ವರಿನ ಎಲ್ಲ ಅಧಿಕಾರವಿರುವ ಖಾತೆ) ಹೆಸರಿನಲ್ಲಿ ಯಾರೋ ಸಾವಿರಾರು ಸಲ ಪಾಸ್‌ವರ್ಡ್ ಹಾಕಿ ನೋಡಿದ್ದಾರೆ. ಏನು ಮಾಡಬೇಕು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಸಂಘದ ಮೇಲೆ ಯಾರಿಗೂ ಹಗೆಯಿಲ್ಲ. ತೆರೆದ 22ನೇ ಪೋರ್ಟ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಬಾಗಿಲು) ಹುಡುಕುತ್ತ ತಾವಾಗಿಯೇ ತಿರುಗುವ ಪ್ರೋಗ್ರಾಂಗಳು, ಅಂದರೆ ಬಾಟ್‌ಗಳು ಅವು. ಆದರೆ ಅದೇ ಲಾಗ್‌ನಲ್ಲಿ ‘ಆಕ್ಸೆಪ್ಟೆಡ್’ (ಲಾಗಿನ್ ಒಪ್ಪಿದೆ) ಎಂದಿರುವ ಸಾಲುಗಳನ್ನು ಇವತ್ತೇ ನೋಡಿ. ಗುರುತಿಲ್ಲದ ಐಪಿ ವಿಳಾಸ ಕಂಡರೆ ಸರ್ವರನ್ನು ನೆಟ್‌ನಿಂದ ಬಿಡಿಸಿ, ಆಮೇಲೆ ಮಿಕ್ಕ ಮಾತು.

ಕಚೇರಿಯೊಳಗಷ್ಟೇ ಬಳಸುವುದಾದರೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನವರನ್ನು ಸರ್ವರಿಗೆ ದಾಟಿಸುವ ಸೆಟ್ಟಿಂಗ್) ತೆಗೆದುಬಿಡಿ, ಅರ್ಧ ತಲೆನೋವು ಅಲ್ಲಿಗೇ ಹೋಯಿತು. ಹೊರಗಿನಿಂದ ಬೇಕೇ ಬೇಕೆಂದರೆ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸುವ ಕೀಲಿ ಫೈಲು) ಮಾಡಿಕೊಂಡು, ಎಸ್‌ಎಸ್‌ಎಚ್ ಸೆಟ್ಟಿಂಗ್ ಫೈಲಿನಲ್ಲಿ ರೂಟ್ ಲಾಗಿನ್ ಮತ್ತು ಪಾಸ್‌ವರ್ಡ್ ಲಾಗಿನ್ ಎರಡನ್ನೂ ‘ನೋ’ ಮಾಡಿ. ಎಷ್ಟೋ ಜನ ಎಡವುವುದು ಇಲ್ಲೇ: ಮುಖ್ಯ ಸೆಟ್ಟಿಂಗ್ ಫೈಲಿಗಿಂತ ಮೊದಲು ಓದಿಸಿಕೊಳ್ಳುವ ಕ್ಲೌಡ್-ಇನಿಟ್ (ಸರ್ವರನ್ನು ಮೊದಲ ಸಲ ಹೊಂದಿಸುವ ತಂತ್ರಾಂಶ) ಫೈಲಿನಲ್ಲಿ ‘ಯೆಸ್’ ಇದ್ದರೆ ಅದೇ ಗೆಲ್ಲುತ್ತದೆ. ಈಗ ತೆರೆದಿರುವ ಲಾಗಿನ್ ಮುಚ್ಚದೆ, ಇನ್ನೊಂದು ಕಿಟಕಿಯಿಂದ ಕೀ ಹಾಕಿ ಒಳಬಂದು ಖಚಿತಪಡಿಸಿಕೊಳ್ಳಿ. ಫೈರ್‌ವಾಲ್ ಆನ್ ಮಾಡುವ ಮುಂಚೆ ಎಸ್‌ಎಸ್‌ಎಚ್‌ಗೆ ಅನುಮತಿ ಕೊಡುವುದು ಮರೆತರೆ ನೀವೇ ಹೊರಗೆ.

22.04ಕ್ಕೆ ಉಚಿತ ಭದ್ರತಾ ಅಪ್‌ಡೇಟ್ 2027ರ ಏಪ್ರಿಲ್‌ವರೆಗೆ ಇದೆ. ಅವು ತಾವಾಗಿಯೇ ಇನ್‌ಸ್ಟಾಲ್ ಆದರೂ ಹೊಸ ಕರ್ನಲ್ (ಉಬುಂಟುವಿನ ತಿರುಳು) ಕೆಲಸಕ್ಕೆ ಬರುವುದು ರೀಸ್ಟಾರ್ಟ್ ಆದ ಮೇಲೆ. ಆ ರೀಸ್ಟಾರ್ಟನ್ನು ರಜಾ ದಿನ ಮಾಡಿಕೊಳ್ಳಿ.

ಇನ್ನು ಬ್ಯಾಕಪ್. ಲೆಕ್ಕ ಮೈಎಸ್‌ಕ್ಯೂಎಲ್‌ನಲ್ಲಿದ್ದರೆ ಓಡುತ್ತಿರುವ ಡೇಟಾಬೇಸ್‌ನ ಫೈಲುಗಳನ್ನು ಸುಮ್ಮನೆ ಕಾಪಿ ಮಾಡಬೇಡಿ, ಅರೆಬರೆ ಪ್ರತಿ ಬರುತ್ತದೆ. ರಾತ್ರಿ ಮೈಎಸ್‌ಕ್ಯೂಎಲ್‌ಡಂಪ್ ಆಜ್ಞೆಯಿಂದ ಇಡೀ ಲೆಕ್ಕದ ಪ್ರತಿ (ಡಂಪ್) ತೆಗೆಯಿರಿ. ಹೊರಗಿನ ಡಿಸ್ಕ್ ಎರಡಿರಲಿ, ವಾರಕ್ಕೊಮ್ಮೆ ಅದಲುಬದಲು. ಒಂದು ಯಾವಾಗಲೂ ಕಾರ್ಯದರ್ಶಿಗಳ ಮನೆಯಲ್ಲಿ. ಸದಾ ಚುಚ್ಚಿಟ್ಟ ಡಿಸ್ಕು ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೂ ಸಿಗುತ್ತದೆ, ಮುಂಗಾರಿಗೆ ಮೊದಲಿನ ಸಿಡಿಲಿಗೂ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಹಳೇ ಕಂಪ್ಯೂಟರಿನಲ್ಲಿ ಆ ಡಂಪ್ ತುಂಬಿಸಿ, ಕೊನೆಯ ಬಿಲ್ಲಿನ ನಂಬರು, ಆ ದಿನದ ಮೊತ್ತ ತಾಳೆಯಾಗುತ್ತದೆಯೇ ನೋಡಿ. ತಾಳೆ ನೋಡದ ಬ್ಯಾಕಪ್ಪನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಯುಪಿಎಸ್ ಇದ್ದರೆ ಸಾಲದು. ಅದರ ಯುಎಸ್‌ಬಿ ಕೇಬಲ್ ಸರ್ವರಿಗೆ ಹಾಕಿ, ಎನ್‌ಯುಟಿ ಎಂಬ ತಂತ್ರಾಂಶ ಹೊಂದಿಸಿದರೆ ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನೇ ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಸರ್ವರ್‌ನಲ್ಲಿ ಎರಡು ಡಿಸ್ಕಿನ ರೇಡ್ (ಎರಡರಲ್ಲೂ ಒಂದೇ ಮಾಹಿತಿ) ಇದೆ. ಬ್ಯಾಕಪ್ ಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ಬೇಕು. ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ. ಲಿನಕ್ಸ್‌ನದೇ ರೇಡ್ ಆದರೆ ಅದರ ಸ್ಥಿತಿ ತೋರಿಸುವ ‘ಎಂಡಿಸ್ಟ್ಯಾಟ್’ ಫೈಲನ್ನು ವಾರಕ್ಕೊಮ್ಮೆ ತೆರೆದು ನೋಡಿ: ಎರಡು ‘ಯು’ ಅಕ್ಷರಗಳಲ್ಲಿ ಒಂದರ ಜಾಗದಲ್ಲಿ ಅಡಿಗೆರೆ ಕಂಡರೆ ಒಂದು ಡಿಸ್ಕ್ ಆಗಲೇ ಕೈಕೊಟ್ಟಿದೆ.