ನಿಂತುಹೋದ ಶ್ರೀರಂಗಪಟ್ಟಣದ ಡಯೋರಾಮಾವನ್ನು ಮತ್ತೆ ಎಲ್ಲಿಂದ ಆರಂಭಿಸಬೇಕು?

1799ರ ಶ್ರೀರಂಗಪಟ್ಟಣ ಮುತ್ತಿಗೆಯ ಕಿರುಮಾದರಿ ಆರು ವರ್ಷಗಳಿಂದ ಅರ್ಧಕ್ಕೇ ನಿಂತು ಅಟ್ಟ ಸೇರಿದೆ, ಮತ್ತೆ ಎಲ್ಲಿಂದ ತೊಡಗಲಿ ಎಂದು ಕೇಳಿದ್ದೀರಿ. ಇದೇ ಮುತ್ತಿಗೆಯ ನನ್ನ ಡಯೋರಾಮಾ ಒಂಬತ್ತು ವರ್ಷ ಮಂಚದ ಕೆಳಗಿತ್ತು. ಹೋದ ವರ್ಷ ಮುಗಿಸಿದೆ.

ಬಣ್ಣ, ಗೊಂಬೆಗಳನ್ನು ಮುಟ್ಟುವ ಮೊದಲು ಅಳತೆಪಟ್ಟಿ ಹಿಡಿದು ಕೂರಿ. ನನ್ನ ಕೆಲಸ ನಿಂತದ್ದು ಬೇಸರದಿಂದಲ್ಲ, ಲೆಕ್ಕ ತಪ್ಪಿದ್ದರಿಂದ. ಮೇ 4ರ ಮಧ್ಯಾಹ್ನ ಟಿಪ್ಪುವಿನ ಕೋಟೆಗೆ ನುಗ್ಗಲು ಬ್ರಿಟಿಷ್ ಸೇನಾನಿ ಬೇರ್ಡ್‌ನ ಪಡೆ ದಾಟಿದ ಕಾವೇರಿಯ ಪಾತ್ರ ಸುಮಾರು 280 ಗಜ ಅಗಲ. 1:72ರ ಅಳತೆಯಲ್ಲಿ, ಅಂದರೆ ನಿಜದ ಎಪ್ಪತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ, ನದಿಯೊಂದೇ ಮೂರೂವರೆ ಮೀಟರ್ ಆಗುತ್ತದೆ. ಅದನ್ನೂ ಕೋಟೆಯನ್ನೂ ನಾಲ್ಕಡಿ ಹಲಗೆಯ ಮೇಲೆ ಕೂರಿಸಲು ಹೊರಟಿದ್ದೆ. ಕೊನೆಗೆ ಕೋಟೆ ಒಡೆದ ಜಾಗದ ಮೂವತ್ತು ಮೀಟರನ್ನಷ್ಟೇ ಉಳಿಸಿಕೊಂಡಾಗ ಅದು 42 ಸೆಂಟಿಮೀಟರಿನಲ್ಲಿ ಸರಿಹೊಂದಿತು.

ಆ ಜಾಗವೇ ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗುಂಡೇಟಿಗೆ ಕುಸಿದ ಕಲ್ಲುಮಣ್ಣಿನ ಇಳಿಜಾರನ್ನು ಹತ್ತಿದ ಸೈನಿಕರಿಗೆ ಒಳಗೆ ಮತ್ತೊಂದು ಕಂದಕ, ಅದರಾಚೆ ಮತ್ತೊಂದು ಗೋಡೆ ಎದುರಾಯಿತು. ಈ ಅಚ್ಚರಿಯನ್ನು ತೋರಿಸಲು ಗೊಂಬೆಗಳು ಮೂವತ್ತಿದ್ದರೂ ಆಗುತ್ತದೆ. ಟಿಪ್ಪುವನ್ನು ಅಲ್ಲಿ ನಿಲ್ಲಿಸಬೇಡಿ, ಆತ ಮಡಿದದ್ದು ಉತ್ತರ ಗೋಡೆಯ ಹೊಳೆ ದಿಡ್ಡಿಯ ಬಳಿ. ಸಾಧ್ಯವಾದರೆ ಒಮ್ಮೆ ಹೋಗಿ, ಕೋಟೆ ಒಡೆದಲ್ಲಿ 1907ರಲ್ಲಿ ನಿಲ್ಲಿಸಿದ ಸ್ತಂಭದ ಹತ್ತಿರದಿಂದ ಹೊಳೆಯನ್ನು ನೋಡಿ. ಅದನ್ನು ನೋಡಿ ಬಂದ ಮೇಲೆಯೇ ನಾನು ನೀಲಿ ಬಣ್ಣವನ್ನೆಲ್ಲ ಕೆರೆದು ತೆಗೆದು, ಬಂಡೆಗಳ ನಡುವೆ ಮಣ್ಣುಬಣ್ಣದ ನೀರು ಹರಿಸಿದೆ.

ಹಳೆಯ ಸಾಮಾನಿನಲ್ಲಿ ಥರ್ಮೋಕೋಲ್ ಪುಡಿಯಾಗುತ್ತಿದ್ದರೆ ಬದಲಿಸಿ; ಗಟ್ಟಿಯಿದ್ದರೆ ನೀರು ಬೆರೆಸಿದ ಫೆವಿಕಾಲನ್ನು ಎರಡು ಸಲ ಬಳಿದು ಒಣಗಿಸಿ. ಸ್ಪ್ರೇ ಬಣ್ಣವನ್ನು ನೇರವಾಗಿ ಹೊಡೆದರೆ ಥರ್ಮೋಕೋಲ್ ಕರಗಿ ಗುಳಿಬೀಳುತ್ತದೆ. ಮೆತು ಪ್ಲಾಸ್ಟಿಕ್ ಗೊಂಬೆಗಳಲ್ಲಿ ಬಣ್ಣ ಮೊದಲು ಏಳುವುದು ಬಾಗುವ ಕಡೆ, ಅಂದರೆ ಬಂದೂಕಿನ ತುದಿಯಲ್ಲಿ ಮತ್ತು ಮೊಣಕಾಲಿನಲ್ಲಿ. ಆ ಬಣ್ಣವನ್ನು ಪೂರ್ತಿ ತೆಗೆದು, ಸೋಪುನೀರಿನಲ್ಲಿ ತೊಳೆದು, ಪ್ರೈಮರ್ ಹಚ್ಚಿಯೇ ಮುಂದುವರಿಯಿರಿ. ನಿಮ್ಮಲ್ಲಿರುವ ಗೊಂಬೆಗಳು ವಾಟರ್‌ಲೂ ಯುದ್ಧದ (1815) ಕಾಲದ ಕೆಂಪಂಗಿಯ ಬ್ರಿಟಿಷ್ ಸೈನಿಕರಾದರೆ ಆ ಎತ್ತರದ ಟೋಪಿ 1799ಕ್ಕೆ ಹೊಂದುವುದಿಲ್ಲ. ಅದನ್ನು ಕತ್ತರಿಸಿ, ಪುಟ್ಟಿಯಿಂದ ಅಂಚಿರುವ ದುಂಡು ಹ್ಯಾಟು ಮಾಡಿಕೊಡಿ.

ಇಷ್ಟಾದ ಮೇಲೆ ಒಂದು ಗೇಣು ಇಳಿಜಾರನ್ನು ಮಾತ್ರ ಕಲ್ಲು, ಧೂಳು, ಗೊಂಬೆ ಸಮೇತ ಪೂರ್ತಿಗೊಳಿಸಿ, ಉಳಿದ ಭಾಗಕ್ಕೆ ಅದನ್ನೇ ಮಾದರಿಯಾಗಿಟ್ಟುಕೊಳ್ಳಿ. ನಿಮ್ಮ ಹಲಗೆಯ ಉದ್ದಗಲ ಮತ್ತು ಗೊಂಬೆಯ ಎತ್ತರ ತಿಳಿಸಿದರೆ, ದೃಶ್ಯವನ್ನು ಎಲ್ಲಿ ಕತ್ತರಿಸಬಹುದೆಂದು ಲೆಕ್ಕ ಹಾಕಿ ಹೇಳುತ್ತೇನೆ.